ಅತ್ತೆಯ ಮೊಣಕಾಲು, ನನ್ನ ಸಮೀಕರಣ

ಸಿಂಧನೂರಿನ ಕಾಲೇಜಿನಲ್ಲಿ ಗಣಿತ ಕಲಿಸುತ್ತಲೇ ನಾನು ಪಿಎಚ್‌ಡಿ ಮಾಡುತ್ತಿದ್ದೆ. ದೇಹದೊಳಗೆ ಲೋಹದ ಕೀಲು ಕೂರಿಸಿದಾಗ ನಮ್ಮನ್ನು ಕಾಯುವ ಬಿಳಿ ರಕ್ತಕಣಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಸಮೀಕರಣಗಳಲ್ಲಿ ಬರೆಯುವುದು ನನ್ನ ವಿಷಯ. ಮೂರನೇ ವರ್ಷಕ್ಕೆ ಕೆಲಸ ನಿಂತುಬಿಟ್ಟಿತು. ಕಂಪ್ಯೂಟರಿನಲ್ಲಿ ಎಷ್ಟು ಸಲ ಲೆಕ್ಕ ಹಾಕಿದರೂ ಬಾವು ಏರುತ್ತಿತ್ತೇ ಹೊರತು ಇಳಿಯುತ್ತಿರಲಿಲ್ಲ.

ಅದೇ ಹೊತ್ತಿಗೆ ಹತ್ತಿರದ ಮುಕ್ಕುಂದ ಹಳ್ಳಿಯ ನಮ್ಮ ಅತ್ತೆಗೆ ರಾಯಚೂರಿನಲ್ಲಿ ಮೊಣಕಾಲಿನ ಕೀಲು ಬದಲಿಸಿದರು. ಭತ್ತದ ಗದ್ದೆಯಲ್ಲೇ ಸವೆದ ಕಾಲು ಅದು. ಚೇತರಿಸಿಕೊಳ್ಳಲೆಂದು ನಮ್ಮ ಮನೆಗೆ ಕರೆತಂದೆವು. ದಿನಾ ಬೆಳಿಗ್ಗೆ ನಾನು ಟೇಪು ಹಿಡಿದು ಮೊಣಕಾಲಿನ ಸುತ್ತಳತೆ ಬರೆದಿಡುತ್ತಿದ್ದೆ. ಎರಡನೇ ವಾರದಿಂದ ಅಂಕಿ ಇಳಿಯತೊಡಗಿತು. ಸಂತೋಷವಾಯಿತು, ನನ್ನ ಲೆಕ್ಕ ನೆನೆದು ಸ್ವಲ್ಪ ಸಿಟ್ಟೂ ಬಂತು.

ದಿನಾ ಅಳೆದು ಏನು ಬರೆಯುತ್ತೀ ಎಂದು ಅತ್ತೆ ಒಮ್ಮೆ ಕೇಳಿದರು. ಕೀಲನ್ನು ಹೊರಗಿನದೆಂದು ತಿಳಿದು ಕಣಗಳು ಜಗಳಕ್ಕೆ ಬರುತ್ತವೆ, ಅದಕ್ಕೇ ಬಾವು ಎಂದು ಹೇಳಿದೆ. ನನ್ನ ಲೆಕ್ಕದಲ್ಲಿ ಅವು ಬರುತ್ತಲೇ ಇರುತ್ತವೆ, ಜಗಳ ಮುಗಿಯುವುದೇ ಇಲ್ಲ ಎಂದೂ ಹೇಳಿಕೊಂಡೆ.

ಅತ್ತೆ ಮೊಣಕಾಲು ಸವರಿಕೊಂಡರು. "ಬಂದೋರೆಲ್ಲ ಕಡೀತನಕ ಜಗಳಾನ ಮಾಡ್ತಾರಂತ ಯಾಕ ಹಿಡದಿ? ಕಳೆ ತಗಿಯಾಕ ಬಂದ ಮಂದೀನ ನಾ ಮಧ್ಯಾಹ್ನದ ಮ್ಯಾಲ ಒಡ್ಡು ಹಾಕಾಕ ಹಚ್ಚತಿದ್ದೆ. ಅದ ಮಂದಿ, ಬ್ಯಾರೆ ಕೆಲಸ."

ನಾನು ಟೇಪು ಸುತ್ತುವುದನ್ನು ನಿಲ್ಲಿಸಿದೆ. ಜಗಳಕ್ಕೆ ಬಂದ ಕಣಗಳೇ ಆಮೇಲೆ ಗಾಯ ಮಾಯಿಸಲು ತೊಡಗುತ್ತವೆಂದು ನಾನು ಓದಿರಲಿಲ್ಲವೆಂದಲ್ಲ. ಲೆಕ್ಕ ಸರಳವಾಗಿರಲೆಂದು ಅದನ್ನು ಕೈಬಿಟ್ಟಿದ್ದೆ, ಬಿಟ್ಟಿದ್ದನ್ನೇ ಮರೆತಿದ್ದೆ. ಆ ಬದಲಾವಣೆಗೆಂದು ಸಮೀಕರಣಕ್ಕೆ ಹೊಸದೊಂದು ಪದ ಸೇರಿಸಿದೆ. ಅದರ ವೇಗ ಗೊತ್ತುಮಾಡಲು ಮತ್ತೆ ಮೂರು ತಿಂಗಳು ಹಿಡಿಯಿತು. ಕೊನೆಗೆ ಪರದೆಯ ಮೇಲಿನ ಗೆರೆ ಏರಿ, ನಿಧಾನವಾಗಿ ಇಳಿಯಿತು.

ಪ್ರಬಂಧ ಒಪ್ಪಿಗೆಯಾದ ಮೇಲೆ ಒಂದು ಪ್ರತಿ ಹಿಡಿದು ಮುಕ್ಕುಂದಕ್ಕೆ ಹೋದೆ. ಕೃತಜ್ಞತೆಯ ಪುಟದಲ್ಲಿ ಅತ್ತೆಯನ್ನು ಎಲ್ಲರಿಗಿಂತ ಮೊದಲು ನೆನೆದಿದ್ದೆ. ಓದಿ ಹೇಳಿದಾಗ ಅವರು ನಾಚಿಕೊಂಡರು. ಇದರಿಂದ ಕೀಲು ಹಾಕಿಸಿಕೊಳ್ಳುವವರಿಗೆ ಏನಾದರೂ ಉಪಯೋಗವಿದೆಯೇ ಎಂದು ಕೇಳಿದರು. ಯಾರ ದೇಹ ಕೀಲನ್ನು ಒಪ್ಪುತ್ತದೆ, ಯಾರದು ಒಪ್ಪುವುದಿಲ್ಲ ಎಂಬುದನ್ನು ಡಾಕ್ಟರು ಮೊದಲೇ ತಿಳಿಯಲು ಮುಂದೆಂದೋ ನೆರವಾಗಬಹುದು, ಈಗಲೇ ಅಲ್ಲ ಎಂದು ಇದ್ದದ್ದನ್ನೇ ಹೇಳಿದೆ.

"ಆಗಲಿ ಬಿಡವ್ವ, ಸಾವಕಾಶ ಆಗಲಿ," ಎಂದು ಅತ್ತೆ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ದೇವರ ಜಗಲಿಯ ಮೇಲಿಟ್ಟರು.