ನಾನು ಕಟ್ಟದ ಹನ್ನೆರಡು ಕಾರ್ಡುಗಳು

ಒಬ್ಬನೇ ಮನುಷ್ಯ ಒಂದೇ ಹೊತ್ತಿನಲ್ಲಿ ಎರಡು ಕಡೆ ಕಾಣಿಸಿಕೊಂಡ ಕಥೆಗಳನ್ನು ನಮ್ಮಜ್ಜಿ ಬೇಕಾದಷ್ಟು ಹೇಳುತ್ತಿದ್ದಳು. ನಾನು ಕೇಳಿ ನಗುತ್ತಿದ್ದೆ. ಭೂತಗನ್ನಡಿಯಲ್ಲಿ ಕಂಡದ್ದು ಮಾತ್ರ ನಿಜ ಎನ್ನುವ ಉದ್ಯೋಗ ನನ್ನದು. ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೂ ನನಗೆ ಬೇಸರವಿಲ್ಲ. ಆದರೆ ನಾನು ಮಾಡಿದ ತಪ್ಪನ್ನಾದರೂ ನಂಬಿ. ಅದನ್ನು ಬಾಯಿಬಿಟ್ಟು ಹೇಳಲು ಇಷ್ಟು ವರ್ಷ ಬೇಕಾಯಿತು.

ಎಪ್ಪತ್ತರ ದಶಕದ ನಡುವಿನ ಮಾತು. ಕೀಟ ಸಾಕುವ ಒಂದು ಪ್ರಯೋಗಾಲಯದಲ್ಲಿ ನಾನು ತಾತ್ಕಾಲಿಕ ನೌಕರ. ರಾಜಾಜಿನಗರದ ಮನೆಯಿಂದ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದೆ. ನಾವು ಸಾಕುತ್ತಿದ್ದುದು ಸೂಜಿಮೊನೆಯಷ್ಟು ಚಿಕ್ಕ ಕಣಜ. ಅದು ಬೇರೆ ಹುಳದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಮರಿ ಒಳಗೇ ತಿಂದು ಬೆಳೆದು, ತೂತು ಕೊರೆದು ಹೊರಬರುತ್ತದೆ. ಅಕ್ಕಿ ಪತಂಗದ ಮೊಟ್ಟೆಗಳನ್ನು ಅಂಟು ಸವರಿದ ಕಾರ್ಡಿನ ಮೇಲೆ ಉದುರಿಸಿ ಕಣಜಗಳ ಮುಂದಿಡುತ್ತಿದ್ದೆವು. ನಾಲ್ಕೈದು ದಿನಕ್ಕೆ ಮೊಟ್ಟೆ ಕಪ್ಪಾದರೆ ಒಳಗೆ ಕಣಜ ಬೆಳೆಯುತ್ತಿದೆ ಎಂದು ಲೆಕ್ಕ. ಆ ಕಾರ್ಡುಗಳನ್ನು ಗಿಡಕ್ಕೆ ಕಟ್ಟಿದರೆ, ಹೊರಬಂದ ಕಣಜಗಳು ಕಾಯಿಕೊರಕ ಹುಳದ ಮೊಟ್ಟೆಗಳನ್ನು ಹುಡುಕಿಕೊಂಡು ಹೋಗುತ್ತವೆ.

ಮಾರೇನಹಳ್ಳಿಯಲ್ಲಿ ಆಗಿನ್ನೂ ಹೊಲಗಳಿದ್ದವು. ಗಂಡ ತೀರಿಹೋಗಿದ್ದ ಹೊನ್ನಮ್ಮ ಎಂಬ ಹೆಂಗಸು ಬಾವಿ ಪಕ್ಕದ ಅರ್ಧ ಎಕರೆಗೆ ಟೊಮೇಟೊ ಹಾಕಿದ್ದರು. ಆ ವರ್ಷದ ಅನ್ನವೆಲ್ಲ ಅದರ ಮೇಲೆಯೇ. ಔಷಧಿ ಹೊಡೆದರೆ ನಮ್ಮ ಕಣಜ ಸಾಯುತ್ತದೆ, ಹೊಡೆಯಬೇಡಿ ಎಂದು ಅವರನ್ನು ಒಪ್ಪಿಸಿದವನು ನಾನೇ. ಅವರ ಮೈದುನ ಬದುವಿನ ಮೇಲೆ ನಿಂತು, "ಹುಳ ಸಾಯ್ಸಕ್ಕೆ ಹುಳ ಬಿಡ್ತಾರಂತೆ ಅತ್ಗೆ. ನಾಳೆ ಕಳ್ಳನ್ನ ಹಿಡಿಯಕ್ಕೆ ಇನ್ನೊಬ್ಬ ಕಳ್ಳನ್ನ ಮನೇಲಿ ಮಡಿಕ್ಕೊ ಅಂತಾರೆ" ಅಂದ. ಹೊನ್ನಮ್ಮ ಬಾಗಿದವರು ಬಾಗಿದಂತೆಯೇ, "ನಿನ್ನ ಇಷ್ಟ್ ವರ್ಷ ಮಡಿಕ್ಕಂಡಿಲ್ವ? ಸುಮ್ಕೆ ಹೋಗು, ಓದಿರೋ ಹುಡುಗ ಹೇಳ್ತಾ ಅವ್ನೆ" ಅಂದರು.

ಡಿಸೆಂಬರಿನ ಚಳಿಗೆ ಕಣಜದ ಬೆಳವಣಿಗೆ ನಿಧಾನ. ಅದಕ್ಕೆಂದೇ ಸಾಕುವ ಪೆಟ್ಟಿಗೆಯಲ್ಲಿ ಒಂದು ಚಿಕ್ಕ ಬಲ್ಬು ಉರಿಯುತ್ತಿತ್ತು. ಸೋಮವಾರ ಕಾರ್ಡು ತರುತ್ತೇನೆಂದು ಮಾತು ಕೊಟ್ಟಿದ್ದ ನಾನು, ಬೇಗ ಬಲಿಯಲಿ ಎಂದು ಶನಿವಾರ ಆ ಚಿಕ್ಕ ಬಲ್ಬನ್ನು ತೆಗೆದು ದೊಡ್ಡದನ್ನು ಹಾಕಿ ಮನೆಗೆ ಹೋದೆ. ಭಾನುವಾರ ಇಡೀ ದಿನ ಅದು ಉರಿದಿದೆ. ಸೋಮವಾರ ಬೆಳಿಗ್ಗೆ ಸೂಜಿಯಿಂದ ಕೆಲವು ಮೊಟ್ಟೆ ಬಿಡಿಸಿ ನೋಡಿದರೆ ಒಳಗೆಲ್ಲ ಒಣಗಿದ ಹೊಟ್ಟು. ಪ್ರಯೋಗಾಲಯದಲ್ಲಿ ಜೀವವಿದ್ದ ಬೇರೆ ಒಂದು ಕಾರ್ಡೂ ಇರಲಿಲ್ಲ.

ಕಪ್ಪಾದ ಮೊಟ್ಟೆ ಬದುಕಿದ್ದರೂ ಸತ್ತಿದ್ದರೂ ಹೊರಗಿನಿಂದ ಒಂದೇ ಥರ ಕಾಣುತ್ತದೆ. ಹೇಳಿದರೆ ಕೆಲಸ ಹೋಗುತ್ತಿತ್ತು. ಹೇಳಲಿಲ್ಲ. ಆ ಸತ್ತ ಕಾರ್ಡುಗಳನ್ನೇ ಒಯ್ದು ಹನ್ನೆರಡು ಗಿಡಗಳಿಗೆ ಕಟ್ಟಿ, "ಮೂರು ದಿನಕ್ಕೆ ಹೊರಗೆ ಬರ್ತವೆ ಅಮ್ಮ" ಎಂದೆ. ಹೊನ್ನಮ್ಮ ಆ ಕಾರ್ಡುಗಳಿಗೆ ಕೈಮುಗಿದರು.

ಗುರುವಾರ ಸಂಜೆ ನಮ್ಮ ಮನೆಯ ಜಗಲಿಯ ಮೇಲೆ ಎಲ್ಲರೂ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ಈಗಲೇ ಎದ್ದು ಹೋಗಿ ಹೇಳಿಬಿಡಬೇಕು, ಔಷಧಿ ಹೊಡೆಯಲು ಇನ್ನೂ ಸಮಯವಿದೆ ಎಂದು ಮನಸ್ಸು ಒದ್ದಾಡುತ್ತಿತ್ತು. ಸೈಕಲ್ ಎದುರಿಗೇ ನಿಂತಿತ್ತು. "ಕಾಳೆಲ್ಲ ಸಿಪ್ಪೆಗೆ ಹಾಕ್ತಿದೀಯಲ್ಲೋ, ಯಾವಳ ಧ್ಯಾನ?" ಎಂದು ಅಮ್ಮ ಗದರಿದಾಗ ತಂಗಿಯರು ನಕ್ಕರು. ನಾನು ಏಳಲಿಲ್ಲ. ದೀಪ ಹಚ್ಚಿ, ಊಟ ಮುಗಿಯುವವರೆಗೂ ಅವರ ಕಣ್ಣೆದುರಿಗೇ ಇದ್ದೆ.

ಮುಂದಿನ ಮಂಗಳವಾರ ತಡೆಯಲಾಗದೆ, ಕಾಲು ಹಿಡಿದಾದರೂ ತಪ್ಪೊಪ್ಪಿಕೊಳ್ಳೋಣವೆಂದು ಹೊರಟೆ. ಹೊಲಕ್ಕೆ ಬಂದು ಮೊದಲು ಎಲೆ ತಿರುವಿ ಭೂತಗನ್ನಡಿ ಹಿಡಿದೆ. ಕೊರಕ ಹುಳದ ಮೊಟ್ಟೆಗಳು ಕಪ್ಪಾಗಿದ್ದವು. ಹತ್ತು ಗಿಡ, ಇಪ್ಪತ್ತು ಗಿಡ ನೋಡಿದೆ. ಹೆಚ್ಚುಕಡಿಮೆ ಎಲ್ಲವೂ ಕಪ್ಪು. ಹೊಲದಲ್ಲಿ ತಾವಾಗಿಯೇ ಇರುವ ಕಣಜಗಳೂ ಉಂಟು, ಅವುಗಳ ಕೆಲಸವಿರಬೇಕು ಎಂದುಕೊಂಡೆ. ಆಮೇಲೆ ಕಾರ್ಡುಗಳನ್ನು ನೋಡಿದೆ. ನಾನು ಕಟ್ಟಿದ್ದ ಪ್ರತಿಯೊಂದು ಕಾರ್ಡಿನ ಪಕ್ಕದಲ್ಲೂ ಇನ್ನೊಂದಿತ್ತು. ನನ್ನವುಗಳಲ್ಲಿ ಒಂದೂ ತೂತಿಲ್ಲ. ಪಕ್ಕದವುಗಳಲ್ಲಿ ತೂತಿಲ್ಲದ ಮೊಟ್ಟೆ ಹುಡುಕಬೇಕು. ಅವುಗಳ ಮೇಲೆ ಪೆನ್ಸಿಲಿನಲ್ಲಿ ಗುರುವಾರದ ತಾರೀಖು. ಇಸವಿಯ ಏಳಕ್ಕೆ ನಡುವೆ ಒಂದು ಅಡ್ಡಗೆರೆ. ನಮ್ಮಲ್ಲಿ ಹಾಗೆ ಬರೆಯುವ ಚಾಳಿ ನನ್ನೊಬ್ಬನದೇ.

ಹೊನ್ನಮ್ಮ ಬಾವಿಯ ಕಡೆಯಿಂದ ಬಂದರು. "ಗುರುವಾರ ಮುಚ್ಚಂಜೇಲಿ ಬಂದು ಕಟ್ಟಿದ್ಯಲ್ಲ, ಅವು ಒಳ್ಳೇವು ಕಣಪ್ಪ. ಹೂಜಿ ಬಿದ್ದಿಲ್ಲ ನೋಡು," ಎಂದರು. ಹೂಜಿ ಎಂದರೆ ಅವರ ಮಾತಿನಲ್ಲಿ ಹುಳದ ಕಾಟ. ಆಮೇಲೆ ದನಿ ತಗ್ಗಿಸಿ, "ಅವತ್ತು ಒಂದ್ ಮಾತೂ ಆಡ್ಲಿಲ್ಲ ನೀನು. ನೀರು ಕೊಟ್ರೆ ಬ್ಯಾಡ ಅಂದೆ. ಹೋಗೋವಾಗ ನನ್ನ ಕಾಲಿಗ್ ಬಿದ್ದೆ. ಯಾಕಪ್ಪ?" ಎಂದು ಕೇಳಿದರು.

ನಾನು ಬಂದದ್ದು ಆ ಮಾತನ್ನು ಹೇಳಲೆಂದೇ. ಅವರೇ ಬಾಗಿಲು ತೆರೆದು ಕೊಟ್ಟಿದ್ದರು. ನನ್ನ ಬಾಯಿಂದ ಬಂದದ್ದು, "ಹುಟ್ಟಿದ ದಿನ ಅಮ್ಮ, ಆಶೀರ್ವಾದ ತಗೊಳ್ಳೋಣ ಅಂತ" ಎಂಬ ಸುಳ್ಳು. ಅವರು, "ಮೊದ್ಲೇ ಹೇಳ್ಬಾರ್ದಾ" ಎಂದು ಸೆರಗಿನ ತುಂಬ ಹಣ್ಣು ಕಿತ್ತು ನನ್ನ ಚೀಲಕ್ಕೆ ಸುರಿದರು.

ಇಪ್ಪತ್ತನಾಲ್ಕು ಕಾರ್ಡುಗಳನ್ನೂ ಬಿಚ್ಚಿಕೊಂಡು ಬಂದು ದಾರಿಯ ಮೋರಿಗೆ ಎಸೆದೆ. ಹಾಗಾಗಿ ನಿಮಗೆ ತೋರಿಸಲು ನನ್ನಲ್ಲಿ ಸಾಕ್ಷಿಯಿಲ್ಲ. ಪ್ರಯೋಗ ಗೆದ್ದಿತೆಂದು ಕೆಲಸ ಖಾಯಮ್ಮಾಯಿತು. ಹೊನ್ನಮ್ಮ ಹೋಗಿ ಎಷ್ಟೋ ವರ್ಷವಾಯಿತು. ಜೀವವಿದ್ದ ಆ ಕಾರ್ಡುಗಳು ಎಲ್ಲಿಂದ ಬಂದವು, ತಂದವನು ಯಾರು, ನನಗೆ ಇಂದಿಗೂ ಗೊತ್ತಿಲ್ಲ. ಅವನು ಮಾಡಿದ ಎರಡು ಕೆಲಸಗಳೂ ನಾನು ಮಾಡಬೇಕಾಗಿದ್ದವು ಎಂಬುದಷ್ಟೇ ಗೊತ್ತು. ಆ ರಾತ್ರಿ ಅಮ್ಮ ಟೊಮೇಟೊ ಸಾರು ಮಾಡಿದಳು. ನಾನೂ ಎರಡು ಸಲ ಬಡಿಸಿಕೊಂಡು ಉಂಡೆ.