ಗಾರೆಯಕ್ಕ ಕೆತ್ತಿದ ಗೋಡೆ

ಊರಿನ ಹಳೆಯ ಚರ್ಚುಗಳ ಗೋಡೆಗಳಿಗೆಲ್ಲ ಅವಳ ಕೈ ಗೊತ್ತಿತ್ತು. ಸುಣ್ಣದ ಗಾರೆ ಬಿಟ್ಟು ಬೇರೇನನ್ನೂ ಮುಟ್ಟದ ಆಕೆಯನ್ನು ಜನ ಎದುರಿಗೆ ಗಾರೆಯಕ್ಕ ಅನ್ನುತ್ತಿದ್ದರು. ಬೆನ್ನ ಹಿಂದೆ ಸುಣ್ಣದ ಬಾಯಿ ಅನ್ನುತ್ತಿದ್ದರು, ಮುಟ್ಟಿದರೆ ಸುಡುತ್ತದೆ ಅಂತ.

ಗುಡ್ಡದ ಮೇಲಿನ ಚರ್ಚು ಎಲ್ಲಕ್ಕಿಂತ ಹಳೆಯದು. ಮೊದಲು ಮಣ್ಣಿನ ಗೋಡೆ, ಹುಲ್ಲಿನ ಮಾಡು. ಅದು ಸುಟ್ಟ ಮೇಲೆ ಕಲ್ಲಿನ ಕಟ್ಟಡ. ಇನ್ನೂ ನೂರು ವರ್ಷ ಕಳೆದು ಇನ್ಯಾರೋ ಸೇರಿಸಿದ್ದು ಗಂಟೆಗೋಪುರ. ಅದರ ಭಾರಕ್ಕೆ ಪಕ್ಕದ ಕಮಾನು ಎರಡು ಬೆರಳು ಬಾಗಿತ್ತು. "ಸೊಸೆ ಬಂದ್ಮೇಲೆ ಅತ್ತೆ ಸೊಂಟ ಬಗ್ಗಿತು ನೋಡಿ" ಎಂದು ಗಾರೆಯಕ್ಕ ಹೊಸಬರಿಗೆ ತೋರಿಸುತ್ತಿದ್ದಳು.

ಕೆಲಸ ಕಲಿಸಿದ್ದು ಅಪ್ಪ. ತಮ್ಮನೂ ಅಪ್ಪನ ಕೈಕೆಳಗೇ ಕಲಿತವನು. ಅಪ್ಪ ಹೋದ ಮೇಲೆ ಅವನು ಸಿಮೆಂಟು ಹಿಡಿದು ಕಂಟ್ರಾಕ್ಟರನಾದ. ಅಂದಿನಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಕಾಲಿಡಲಿಲ್ಲ.

ಗುಡ್ಡದ ಚರ್ಚಿನ ಉತ್ತರದ ಗೋಡೆಗೆ ತೇವ ಹಿಡಿದಾಗ ಸಮಿತಿ ಕೆಲಸವನ್ನು ತಮ್ಮನಿಗೆ ಕೊಟ್ಟಿತು. ಸುದ್ದಿ ಕೇಳಿದವಳೇ ಗಾರೆಯಕ್ಕ ಗುಡ್ಡ ಹತ್ತಿದಳು. ಅಷ್ಟರಲ್ಲಿ ಅರ್ಧ ಗೋಡೆಗೆ ಸಿಮೆಂಟು ಮೆತ್ತಿಯಾಗಿತ್ತು.

"ಯಾರನ್ನ ಕೇಳಿ ಗೋಡೆ ಮೂಗು ಮುಚ್ತಿದ್ದೀಯೋ? ಕಲ್ಲು ಕುಡಿದ ನೀರು ಹೊರಗೆ ಹೋಗ್ಬೇಕು. ಸುಣ್ಣ ಬಿಡುತ್ತೆ, ಸಿಮೆಂಟು ಬಿಡಲ್ಲ."

"ಸುಮ್ನೆ ಹೋಗಕ್ಕ. ನಿನ್ನ ಹೊಟ್ಟೆಕಿಚ್ಚಿಗೆ ಸಿಮೆಂಟೂ ಬಿರುಕು ಬಿಟ್ಟೀತು" ಎಂದ ತಮ್ಮ. ಕೆಲಸದವರು ಕಿಸಕ್ಕನೆ ನಕ್ಕರು.

"ಕೆಲಸ ಸಿಗಲಿಲ್ಲ ಅಂತ ರಂಪ ಮಾಡ್ಬೇಡಮ್ಮ" ಎಂದರು ಸಮಿತಿಯ ಅಧ್ಯಕ್ಷರು.

ಅವಳು ಕರಣೆ ತೆಗೆದು ಹಸಿ ಸಿಮೆಂಟನ್ನು ಒಂದು ಮೊಳದಷ್ಟು ಕಿತ್ತು ಅಧ್ಯಕ್ಷರ ಕಾಲ ಬಳಿಗೇ ಎಸೆದಳು. ತಮ್ಮ ಅವಳ ರಟ್ಟೆ ಹಿಡಿದು ಬಾಗಿಲಾಚೆ ತಳ್ಳಿದ. ಮೆಟ್ಟಿಲ ಮೇಲೆ ಬಿದ್ದು ಮಂಡಿ ತರಚಿತು.

"ಅಪ್ಪ ಇದ್ದಿದ್ರೆ ನಿನ್ನ ಕೈ ಮುರೀತಿದ್ದ!" ಎಂದಳು ಸೀರೆ ಕೊಡವಿಕೊಂಡು. ತಮ್ಮ ಏನೋ ಹೇಳಲು ಬಾಯಿ ತೆರೆದು, ನುಂಗಿಕೊಂಡ.

ಎರಡು ಮಳೆಗಾಲ ಗೋಡೆ ತಡೆಯಿತು. ಮೂರನೆಯದರಲ್ಲಿ ಒಂದು ಬೆಳಿಗ್ಗೆ ಬಾಗಿಲಗಲದ ಸಿಮೆಂಟು ಕಲ್ಲಿನ ಚಕ್ಕೆಗಳ ಸಮೇತ ಕಳಚಿ ಬಿದ್ದು ಆರು ಬೆಂಚು ಮುರಿಯಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಹೊಸದಾಗಿ ಬಂದಿದ್ದ ಫಾದರ್ ತಾವೇ ಗಾರೆಯಕ್ಕನ ಮನೆಗೆ ಬಂದರು.

"ಬರ್ತೀನಿ ಫಾದರ್. ಆದ್ರೆ ಮೆತ್ತಿದವನೇ ಕೆತ್ತಬೇಕು" ಎಂದಳು.

ಊರಲ್ಲಿ ಹೆಸರು ಕೆಡುವುದೆಂದು ಹೆದರಿ ತಮ್ಮ ಉಳಿ ಹಿಡಿದು ಬಂದ. ಒಂಬತ್ತು ದಿನ ಅಕ್ಕತಮ್ಮ ಒಂದೇ ಗೋಡೆಯನ್ನು ಕೆತ್ತಿದರು, ಒಂದು ಮಾತಿಲ್ಲ. ಬಕೆಟ್ಟು ಬೇಕಾದರೂ "ಫಾದರ್, ಅವನಿಗೆ ಹೇಳಿ", "ಫಾದರ್, ಅವಳಿಗೆ ಹೇಳಿ." ಪಾಪ, ಫಾದರ್ ಬಕೆಟ್ಟು ಹೊತ್ತೇ ಸುಸ್ತಾದರು.

ಹತ್ತನೆಯ ದಿನ ಗೋಪುರದ ಪಕ್ಕದ ಮೂಲೆಯಲ್ಲಿ ತಮ್ಮನ ಸಿಮೆಂಟಿನ ಕೆಳಗೆ ತೆಳ್ಳನೆಯ ಸುಣ್ಣ, ಅದರ ಕೆಳಗೆ ಮತ್ತೆ ಸಿಮೆಂಟು ಸಿಕ್ಕಿತು. ಹಳೆಯದು, ಕಪ್ಪಗೆ ಕಬ್ಬಿಣದಂತಿತ್ತು. ನೀರು ಮೊದಲು ತಡೆದು ನಿಂತದ್ದೇ ಅದರ ಹಿಂದೆ.

"ಇದೂ ನಿಂದೇ ಘನಕಾರ್ಯನಾ?"

"ನಂದಲ್ಲ. ಅಪ್ಪಂದು."

"ಬಾಯಿ ಮುಚ್ಚು!"

"ನಾನೇ ಕಲಸಿಕೊಟ್ಟಿದ್ದು. ನೀನಾಗ ಬಾಣಂತಿ, ಕೆಲಸಕ್ಕೆ ಬರ್ತಿರಲಿಲ್ಲ. ಸುಣ್ಣ ಹದಕ್ಕೆ ಬರೋವರೆಗೂ ಕಾಯೋಕೆ ಸಮಿತಿ ಬಿಡಲಿಲ್ಲ. ಸಿಮೆಂಟ್ ಹಾಕಿ ಮೇಲೆ ಸುಣ್ಣ ಸವರಿದ. ಅಕ್ಕಂಗೆ ಹೇಳ್ಬೇಡ ಅಂದ. ಹೇಳಲಿಲ್ಲ."

ಅವಳು ನಂಬಲಿಲ್ಲ. ಬಗ್ಗಿ ನೋಡಿದಳು. ಕರಣೆಯ ಗೆರೆಗಳು ಬಲದಿಂದ ಎಡಕ್ಕೆ ಎಳೆದಂತಿದ್ದವು. ಅಪ್ಪ ಎಡಚ.

"ಕೆತ್ತಿ ತೆಗೆದು ಸುಣ್ಣ ಹಾಕಿಬಿಡೋಣ" ಎಂದ ತಮ್ಮ, ಎಷ್ಟೋ ವರ್ಷಗಳ ಮೇಲೆ ಮೆತ್ತಗೆ. "ಯಾರಿಗೂ ಗೊತ್ತಾಗಲ್ಲ. ಸತ್ತವರ ಮರ್ಯಾದೆ ಅಕ್ಕ."

ಗಾರೆಯಕ್ಕ ಫಾದರನ್ನೂ ಅಧ್ಯಕ್ಷರನ್ನೂ ಕರೆಸಿ ಆ ಮೂಲೆಯ ಮುಂದೆ ನಿಲ್ಲಿಸಿದಳು.

"ಗೋಡೆ ಕೆಟ್ಟಿದ್ದು ಇಲ್ಲಿಂದ. ಇದು ನಮ್ಮಪ್ಪ ಮಾಡಿದ್ದು. ಬರೆದಿಟ್ಟುಕೊಳ್ಳಿ, ಮುಂದೆ ಈ ಗೋಡೆ ಮುಟ್ಟೋರಿಗೆ ಗೊತ್ತಿರಲಿ."

ತಮ್ಮ ಉಳಿಯನ್ನು ನೆಲಕ್ಕೆ ಕುಕ್ಕಿದ. "ನನ್ನ ಮರ್ಯಾದೆ ತೆಗೆದೆ, ಸಾಯ್ಲಿ. ಅಪ್ಪಂದೂ ತೆಗೆದ್ಯಲ್ಲ! ನೀನೂ ಒಬ್ಬ ಮಗಳಾ?" ಎಂದು ಹೊರಟವನು ಮತ್ತೆ ಗುಡ್ಡ ಹತ್ತಲಿಲ್ಲ.

ಆ ಮೂಲೆಯನ್ನು ಅವಳೊಬ್ಬಳೇ ಮೂರು ದಿನ ಕೆತ್ತಿದಳು. ಸುತ್ತಿಗೆ ಎರಡು ಸಲ ಹೆಬ್ಬೆರಳ ಮೇಲೆ ಬಿತ್ತು. ಸುಣ್ಣ ಪದರ ಪದರವಾಗಿ ಒಣಗಿ ಗೋಡೆ ಸರಿಹೋಗಲು ನಾಲ್ಕು ತಿಂಗಳು ಹಿಡಿಯಿತು.

ಅವಳ ಹೊಸಿಲು ತುಳಿದವರು ತನ್ನ ಮನೆಗೆ ಬರಬೇಕಾಗಿಲ್ಲ ಎಂದು ನೆಂಟರಿಗೆಲ್ಲ ತಮ್ಮ ಹೇಳಿಕಳಿಸಿದ. ಆ ಮಾತನ್ನು ಮುಟ್ಟಿಸಲು ಬಂದ ಚಿಕ್ಕಮ್ಮ ಬಾಗಿಲಲ್ಲೇ ತಡವರಿಸುತ್ತ ನಿಂತಳು.

"ಹಾಗಿದ್ರೆ ಒಳಗೆ ಬರ್ಬೇಡ ಚಿಕ್ಕಮ್ಮ, ಅವನ ಮನೆಗೇ ಹೋಗು" ಎಂದು ಗಾರೆಯಕ್ಕ ಬಾಗಿಲು ಮುಂದೆ ಮಾಡಿಕೊಂಡಳು.