ಬದುವಿನ ಮೇಲಿನ ಕಂಟಿ

ನಮ್ಮ ಮನೆಗೂ ಭಾವನ ಮನೆಗೂ ನಡುವೆ ಒಂದು ಬದುವಿದೆ. ಹೂಲಿಯ ಗುಡ್ಡದ ಬುಡದಿಂದ ಹೊರಟು, ಎರಡೂ ಹೊಲಗಳನ್ನು ಬೇರೆ ಮಾಡುತ್ತ ಬಂದು, ಎರಡೂ ಮನೆಗಳ ನಡುವೆ ಹಾದು ದಾರಿಗೆ ಮುಟ್ಟುತ್ತದೆ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಹಂಚಿಕೊಂಡರು, ದನ ಹಂಚಿಕೊಂಡರು, ಹಿತ್ತಾಳೆಯ ಕೊಡಗಳನ್ನೂ ಜಗಳವಿಲ್ಲದೆ ಹಂಚಿಕೊಂಡರು. ಬದು ಯಾರದೆಂಬುದು ಮಾತ್ರ ಬಗೆಹರಿಯಲಿಲ್ಲ. ಒಂದು ಸಲ ನನ್ನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ಅದರ ಮೇಲಿನ ಹುಲ್ಲನ್ನು ಒಂದು ಹೊರೆ ಕೊಯ್ದಳು. ನಮ್ಮ ಮನೆಯವರು ಯಾಕೆಂದು ಕೇಳಿದರು. ಹುಲ್ಲಿನ ಮಾತು ಬದುವಿಗೆ ಹೋಗಿ, ಬದುವಿನ ಮಾತು ತೀರಿಹೋದ ಮಾವನವರ ತನಕ ಹೋಗಿ, ಕೊನೆಗೆ ಊರ ಹಿರಿಯರು ಬಂದು ಕೂರಬೇಕಾಯಿತು.

"ಸರ್ವೇದಾವ್ರು ಬಂದು ಕಲ್ಲ ಹಾಕೂತನಕ ಬದೂಕ್ಕ ಯಾರೂ ಕೈ ಹಚ್ಚಬ್ಯಾಡ್ರಿ," ಎಂದರು ಅವರು. ಚಹಾ ಕುಡಿದು ಎದ್ದು ಹೋದರು.

ಸರ್ವೆಯವರು ಬರಲಿಲ್ಲ. ನಮ್ಮ ಸೀಮೆಯಲ್ಲಿ ಬದುವಿನ ಹುಲ್ಲು ಕೊಯ್ಯುವುದೆಂದರೆ ಬದು ನನ್ನದು ಎಂದು ಸಾರಿದಂತೆ. ಹಾಗಾಗಿ ನಾವು ಕೊಯ್ಯಲಿಲ್ಲ, ಅವರೂ ಕೊಯ್ಯಲಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ಅದರ ಮೇಲೆ ಕವಳಿ ಕಂಟಿ, ಬಾರಿ ಕಂಟಿ, ಲಂಟಾನ, ಎದೆಯೆತ್ತರದ ಹುಲ್ಲು ಎಲ್ಲ ಸೇರಿಕೊಂಡು ಆಚೆ ಮನೆಯ ಅಂಗಳವೇ ಕಾಣದ ಹಾಗಾಯಿತು. ಸುಳ್ಳು ಯಾಕೆ ಹೇಳಲಿ, ಅದು ಎರಡೂ ಮನೆಯವರಿಗೆ ಅನುಕೂಲವೇ ಆಗಿತ್ತು. ದಿನ ಬೆಳಗಾದರೆ ಒಬ್ಬರ ಮುಖ ಒಬ್ಬರು ನೋಡುವ ತಾಪತ್ರಯ ತಪ್ಪಿತ್ತು.

ಬದುವಿನ ಎರಡೂ ಕಡೆ ಸೇರಿದವರೆಂದರೆ ಅತ್ತೆ ಒಬ್ಬರೇ. ಅವರನ್ನೂ ಪಾಳಿಯ ಮೇಲೆ ಹಂಚಿಕೊಂಡಿದ್ದೆವು. ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಯ ತನಕ ನಮ್ಮ ಮನೆ, ಅಲ್ಲಿಂದ ಮುಂದಕ್ಕೆ ಅವರ ಮನೆ. ಅವರ ಮೊಣಕಾಲು ಹಿಡಿದುಹೋಗಿ ಬಹಳ ದಿನವಾಗಿತ್ತು. ಕೋಲು ಹಿಡಿದು ಹೊಸ್ತಿಲ ತನಕ ಬಂದರೆ ಅದೇ ದೊಡ್ಡ ಮಾತು. ಎರಡು ಮನೆಗಳ ನಡುವೆ ಕೂಗಿದರೆ ಕೇಳುವಷ್ಟೇ ದೂರವಿದ್ದರೂ, ಪಾಳಿ ಬದಲಾದ ದಿನ ಅವರನ್ನು ಚಕ್ಕಡಿಯಲ್ಲಿ ಕೂರಿಸಿ ದಾರಿಗೆ ಇಳಿಸಿ ಸುತ್ತುಹಾಕಿ ಕರೆದೊಯ್ಯಬೇಕಿತ್ತು. ಬದುವಿನ ಕಂಟಿಯಲ್ಲಿ ಒಬ್ಬರು ದಾಟುವಷ್ಟು ದಾರಿ ಮಾಡುವುದಕ್ಕೂ ಯಾರಿಗೂ ಧೈರ್ಯವಿರಲಿಲ್ಲ.

ಅವರು ಆಚೆ ಮನೆಯಲ್ಲಿದ್ದಾಗ ಅವರ ಕೆಮ್ಮು ನಮ್ಮ ಅಂಗಳಕ್ಕೆ ಕೇಳುತ್ತಿತ್ತು. ನಮ್ಮವರು ಕೈ ತೊಳೆಯಲು ಹೊರಗೆ ಬಂದವರು ಒಂದು ಗಳಿಗೆ ನಿಂತು ಕಿವಿಗೊಡುತ್ತಿದ್ದರು. "ಅವ್ವಗ ಇವತ್ತು ಕೆಮ್ಮು ಕಡಿಮಿ ಐತಿ," ಎಂದು ಹೇಳಿ ಒಳಗೆ ಬರುತ್ತಿದ್ದರು. ಹೋಗಿ ನೋಡುತ್ತಿರಲಿಲ್ಲ. ಅದು ಅವರ ಪಾಳಿ.

ನನ್ನ ತವರು ಸಾಲಹಳ್ಳಿ. ಅಲ್ಲಿ ನಮ್ಮ ಮನೆ ಊರ ನಡುವೆ ಇತ್ತು, ಬೆಂಕಿ ಎಂದರೆ ನನಗೆ ಒಲೆಯ ಬೆಂಕಿಯಷ್ಟೇ ಗೊತ್ತು. ಇಲ್ಲಿಗೆ ಬಂದ ಮೇಲೆ ಗುಡ್ಡದ ಬೆಂಕಿ ನೋಡಿದೆ. ಶಿವರಾತ್ರಿ ಕಳೆದು ಹುಲ್ಲು ಒಣಗಿ ಬೆಳ್ಳಗಾದ ಮೇಲೆ ಯಾರೋ ಒಬ್ಬರು ಗುಡ್ಡಕ್ಕೆ ಕಡ್ಡಿ ಗೀರುತ್ತಾರೆ. ಹಳೆ ಹುಲ್ಲು ಸುಟ್ಟರೆ ಮಳೆಗೆ ಹೊಸ ಹುಲ್ಲು ಒತ್ತಾಗಿ ಬರುತ್ತದೆಂಬ ನಂಬಿಕೆ. ಯಾರು ಹಚ್ಚಿದರೆಂದು ಕೇಳಿದರೆ ಎಲ್ಲರೂ ಗುಡ್ಡದ ಕಡೆ ನೋಡುತ್ತಾರೆ, ಗುಡ್ಡವೇ ತನಗೆ ತಾನು ಹಚ್ಚಿಕೊಂಡಿತೇನೋ ಎಂಬ ಹಾಗೆ. ಕಳೆದ ವರ್ಷ ಆ ಬೆಂಕಿ ಕೆಳಗಿಳಿದು ಕೊನೆಯ ಮನೆಯವರ ಬಣವೆಯನ್ನೂ, ಬಣವೆಯ ಪಕ್ಕ ಕಟ್ಟಿದ್ದ ಕರುವನ್ನೂ ತಿಂದಿತ್ತು. ಆ ಕರುವಿನ ಕೂಗು ನನ್ನ ಕಿವಿಯಿಂದ ಹೋಗಲಿಲ್ಲ.

ಈ ವರ್ಷ ಸಂಕ್ರಮಣ ಮುಗಿದದ್ದೇ ತಡ, ನಾನು ಬಾಯಿ ಬಿಡಲು ಶುರು ಮಾಡಿದೆ. ಗುಡ್ಡದ ಬುಡದಲ್ಲಿರುವ ಮನೆಗಳಿಗೆಲ್ಲ ಹೋಗಿ, ಬೆಂಕಿ ಬರುವ ಮೊದಲೇ ಕಂಟಿ ಕಡಿಯೋಣ ಎಂದು ಹೇಳಿಬಂದೆ, ಭಾವನ ಮನೆಯೊಂದನ್ನು ಬಿಟ್ಟು. ನಕ್ಕವರೂ ಕುಡುಗೋಲು ಹಿಡಿದು ಬಂದರು. ಮನೆಗಳ ಹಿಂದಿನ ಕಂಟಿ ಕಡಿದೆವು, ಕಡಿದ ಮುಳ್ಳನ್ನು ಕವೆಗೋಲಿನಿಂದ ಎಳೆದು ದೂರದ ಹಳ್ಳಕ್ಕೆ ಒಗೆದೆವು. ಗುಡ್ಡಕ್ಕೂ ಹೊಲಗಳಿಗೂ ನಡುವಿನ ಹುಲ್ಲಿನ ಪಟ್ಟಿಯ ಮೇಲೆ ಎತ್ತು ಹೂಡಿ ಕುಂಟೆ ಹೊಡೆದು ಬರಿ ಮಣ್ಣು ಮಾಡಿದೆವು. ನಮ್ಮ ಬಣವೆಯನ್ನು ಗುಡ್ಡದ ಕಡೆಯಿಂದ ಕಿತ್ತು ದಾರಿಯ ಕಡೆಗೆ ಒಟ್ಟಿದೆವು. ಮನೆಯ ತಗಡಿನ ಮಾಡಿನ ಮೇಲಿನ ತರಗೆಲೆಯನ್ನೂ ಗುಡಿಸಿದೆ. ನಾವು ಮಾಡಿದ್ದು ನೋಡಿ ಭಾವನೂ ತನ್ನ ಕಡೆ ಕುಂಟೆ ಹೊಡೆದ, ಮಾತಿಲ್ಲದೆ.

ಉಳಿದದ್ದು ಬದು ಒಂದೇ. ಗುಡ್ಡದಿಂದ ನೇರವಾಗಿ ಎರಡು ಮನೆಗಳ ನಡುವಿನ ತನಕ, ದೀಪದ ಬತ್ತಿಯ ಹಾಗೆ.

"ಬದೂ ಹಂಗ ಬಿಟ್ರ ಹ್ಯಾಂಗರಿ? ಬೆಂಕಿಗೆ ನಾವ ದಾರಿ ಮಾಡಿ ಕೊಟ್ಟಂಗಾತು," ಎಂದೆ ನಮ್ಮವರಿಗೆ.

"ಅಣ್ಣ ಕಡೀಲಿ."

"ಅವ್ರು ತಮ್ಮ ಕಡೀಲಿ ಅಂತಿರತಾರ."

"ನಾ ಕಡದ್ರ ನಾಳೆ ಹಿರ್ಯಾರ ಮುಂದ ಕೈ ಕಟಗೊಂಡು ನಿಂದರಬೇಕಾಗತೈತಿ. ಗೊತ್ತೈತಿಲ್ಲೋ ನಿನಗ?"

"ಸುಟ್ಟು ಹೋದ ಮ್ಯಾಲೆ ಬೂದ್ಯಾಗ ಪಾಲು ಕೇಳ್ರಿ ಇಬ್ರೂ!" ಎಂದೆ ನಾನು, ಆಚೆಗೂ ಕೇಳಲಿ ಎಂದೇ ಜೋರಾಗಿ. ಆಚೆ ಯಾರೋ ಒಂದು ಪಾತ್ರೆಯನ್ನು ಸಿಟ್ಟಿನಿಂದ ನೆಲಕ್ಕಿಟ್ಟ ಸಪ್ಪಳ ಬಂತು.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಬೆಳಗ್ಗೆ ಭಾವನ ಮನೆಯವರು ಕಿತ್ತೂರಿಗೆ ಮದುವೆಗೆ ಹೋದರು. ನಮಗೆ ಹೇಳಿ ಹೋಗುವ ಸಂಬಂಧ ಉಳಿದಿರಲಿಲ್ಲ. ಆದರೆ ನೆಗೆಣ್ಣಿ ಹೊರಡುವಾಗ ಅತ್ತೆಗೆ, "ರೊಟ್ಟಿ ಪಲ್ಯಾ ಮುಚ್ಚಿಟ್ಟೇನ್ರಿ, ಹೊತ್ತು ಮುಣಗೂದ್ರಾಗ ಬರತೇವಿ," ಎಂದು ಹೇಳಿದ್ದು, ನಾಯಿ ನುಗ್ಗದಿರಲಿ ಎಂದು ಹೊರಗಿನಿಂದ ಚಿಲಕ ಹಾಕಿದ್ದು ನಮ್ಮ ಅಂಗಳಕ್ಕೆ ಕೇಳಿತು. ಅತ್ತೆಯ ಪಾಳಿ ಆಗ ಅಲ್ಲಿತ್ತು.

ಮಧ್ಯಾಹ್ನ ಊಟವಾಗಿ ನಾನು ಕಡಲೆ ಹಸನು ಮಾಡುತ್ತ ಕುಳಿತಿದ್ದೆ. ಮೊದಲು ವಾಸನೆ ಬಂತು. ಒಲೆಯ ಹೊಗೆಯ ವಾಸನೆಯೇ ಬೇರೆ, ಒಣಹುಲ್ಲಿನ ಹೊಗೆಯ ವಾಸನೆಯೇ ಬೇರೆ. ಮೊರ ಅಲ್ಲೇ ಬಿಟ್ಟು ಹಿತ್ತಲಿಗೆ ಓಡಿದೆ. ಗುಡ್ಡದ ಅರ್ಧದಲ್ಲಿ ಬೆಂಕಿ ಉದ್ದಕ್ಕೂ ಗೆರೆ ಎಳೆದಂತೆ ನಿಂತಿತ್ತು. ಬೆಂಕಿಗೆ ಮೇಲೆ ಹತ್ತುವುದು ರೂಢಿ. ಆ ದಿನ ಗಾಳಿ ಮೇಲಿನಿಂದ ಬೀಸುತ್ತಿತ್ತು, ಅದು ಕೆಳಗಿಳಿಯುತ್ತಿತ್ತು.

ನಮ್ಮವರೂ ಓಡಿ ಬಂದರು. ಇಬ್ಬರೂ ಉಸಿರು ಹಿಡಿದು ನೋಡಿದೆವು. ಬೆಂಕಿ ಸರಸರನೆ ಬಂದು, ನಾವು ಕುಂಟೆ ಹೊಡೆದ ಪಟ್ಟಿಗೆ ಮುಟ್ಟಿ ನಿಂತಿತು. ತಿನ್ನಲು ಏನೂ ಸಿಗದೆ ಅಲ್ಲಲ್ಲೇ ಕುಗ್ಗಿತು. ನನಗೆ ಎಂಥ ಹೆಮ್ಮೆಯಾಯಿತೆಂದರೆ ಬಾಯಿ ಬಿಟ್ಟು ನಕ್ಕೆ. ನಗು ಮುಗಿಯುವ ಮೊದಲೇ ಅದಕ್ಕೆ ಬದು ಸಿಕ್ಕಿತು.

ಬದುವಿನ ಕಂಟಿ ಹತ್ತಿಕೊಂಡಾಗ ಆದ ಸಪ್ಪಳವನ್ನು ಹೇಗೆ ಹೇಳಲಿ, ಕಾದ ಎಣ್ಣೆಯಲ್ಲಿ ನೀರು ಬಿದ್ದ ಹಾಗೆ ಚಟಚಟ ಎಂದಿತು. ಬೆಂಕಿ ಬದುವನ್ನೇ ಹಿಡಿದು ಮನೆಗಳ ಕಡೆಗೆ ಬರತೊಡಗಿತು. ಗಾಳಿ ಅದನ್ನು ಭಾವನ ಕಡೆಗೆ ಬಾಗಿಸುತ್ತಿತ್ತು. ಆ ಕಡೆ ಬದುವಿಗೆ ಒತ್ತಿಕೊಂಡೇ ಅವನ ಬಣವೆ, ಬಣವೆಯ ಪಕ್ಕಕ್ಕೆ ಅಡುಗೆಮನೆಯ ಮುಂದೆ ಕಣಕಿ, ಅಂದರೆ ಜೋಳದ ಒಣದಂಟು, ಹೊದಿಸಿದ ಚಪ್ಪರ, ಅದಕ್ಕೆ ಅಂಟಿಕೊಂಡು ಮನೆ. ಮನೆಯೊಳಗೆ ಅತ್ತೆ.

"ಕಡೀರಿ! ಬೆಂಕಿ ಮುಟ್ಟೂದ್ರಾಗ ನಡುವ ಕಡೀರಿ!" ಎಂದು ಕೂಗಿದೆ.

ನಮ್ಮವರು ಕೊಡಲಿ ತಂದರು. ಬದುವಿನ ಬುಡಕ್ಕೆ ಬಂದು ಕೊಡಲಿ ಎತ್ತಿದರು. ಎತ್ತಿದವರು ಹಾಗೇ ನಿಂತರು. ದೇವರಾಣೆ, ಹಾಗೇ ನಿಂತರು. ಎರಡು ವರ್ಷ ಮುಟ್ಟದ ಬದುವನ್ನು, ಅಣ್ಣ ಊರಲ್ಲಿಲ್ಲದಾಗ ಕಡಿಯಲು ಅವರ ಕೈ ಬರಲಿಲ್ಲ. ಕೊಡಲಿಯನ್ನು ಬಗಲಿಗೆ ಸಿಕ್ಕಿಸಿಕೊಂಡು ಕಿಸೆಯಿಂದ ಮೊಬೈಲು ತೆಗೆದರು. ನನಗೆ ಅವರನ್ನು ಹೊಡೆದುಬಿಡಬೇಕು ಎನ್ನಿಸಿತು.

ಮೊಬೈಲಿನ ಆಚೆಯಿಂದ ಮದುವೆಯ ಬಾಜಾ ಬಜಂತ್ರಿ ಕೇಳಿತು.

"ಅಣ್ಣಾ, ನಾನು. ಗುಡ್ಡದ ಬೆಂಕಿ ಬದೂಕ್ಕ ಬಂದೈತಿ. ಕಡೀಲೇನು?"

ಭಾವನ ದನಿ ಮೊಬೈಲು ಒಡೆಯುವ ಹಾಗೆ ಬಂತು. "ಬದೂ ಹಾಳಾಗಿ ಹೋಗ್ಲಿ! ಅವ್ವ ಒಳಗ ಅದಾಳೋ! ಅವ್ವನ್ನ ತಗಿ!"

ಕೊಡಲಿ ಆಗ ಬೀಸಿತು ನೋಡಿ. ಒಂದೊಂದು ಏಟಿಗೆ ಒಂದೊಂದು ಕಂಟಿ. ನಾನು ಬರಿಗೈಯಲ್ಲಿ ಎಳೆದು ಎಳೆದು ಒಗೆದೆ, ಬಾರಿಯ ಮುಳ್ಳು ಅಂಗೈಯಲ್ಲಿ ಮುರಿದದ್ದು ಆಮೇಲೆ ಗೊತ್ತಾಯಿತು. ದಾರಿಯ ಕಡೆಯಿಂದ ಸುತ್ತಿ ಬರುವಷ್ಟು ಹೊತ್ತಿರಲಿಲ್ಲ. ಮೈ ತೂರುವಷ್ಟು ಸಂದು ಆದದ್ದೇ, ಸೀರೆ ಹರಿದುಕೊಂಡು ಆಚೆಗೆ ನುಗ್ಗಿದೆ. ಭಾವನ ಬಣವೆಯ ನೆತ್ತಿಯ ಮೇಲೆ ಆಗಲೇ ಕಿಡಿ ಬಿದ್ದು ಹೊಗೆಯಾಡುತ್ತಿತ್ತು.

ಚಿಲಕ ಬಿಗಿಯಾಗಿತ್ತು. ಕಲ್ಲಿನಿಂದ ಗುದ್ದಿ ತೆಗೆದೆ. ಒಳಗೆ ಕಣ್ಣು ಬಿಡಲಾಗದಷ್ಟು ಹೊಗೆ. ಅತ್ತೆ ನೆಲದ ಮೇಲೆ ಬಿದ್ದಿರಬಹುದು, ಅಳುತ್ತಿರಬಹುದು ಎಂದುಕೊಂಡೇ ಹೋದೆ. ಅವರು ಹೊರಸಿನ ಮೇಲೆ ನೆಟ್ಟಗೆ ಕುಳಿತಿದ್ದರು. ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ತೊಡೆಯ ಮೇಲೆ ಅವರ ಸೀರೆಗಳ ಗಂಟು, ಕಟ್ಟಿ ತಯಾರಾಗಿತ್ತು.

"ಏಳ್ರಿ ಅತ್ತಿ, ನನ್ನ ಕೊಳ್ಳ ಹಿಡೀರಿ," ಎಂದು ಬೆನ್ನಿಗೆ ಹಾಕಿಕೊಂಡೆ. ಅಷ್ಟು ಹಗುರ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಹೊರಗೆ ಬಂದಾಗ ಅಡುಗೆಮನೆಯ ಚಪ್ಪರದ ಅಂಚು ಹತ್ತಿಕೊಂಡಿತ್ತು. ಕುಂಟೆ ಹೊಡೆದ ಬರಿ ಹೊಲದ ನಡುವೆ, ಸುಡುವಂಥದು ಏನೂ ಇಲ್ಲದ ಕಡೆ, ಅವರನ್ನು ಹೆಂಟೆಗಳ ಮೇಲೆ ಕೂರಿಸಿ ತಿರುಗಿ ಓಡಿದೆ.

ಅಷ್ಟರಲ್ಲಿ ಗುಡ್ಡದ ಬುಡದ ಮನೆಯವರೆಲ್ಲ ಬೇವಿನ ಟೊಂಗೆ ಮುರಿದುಕೊಂಡು ಬಂದಿದ್ದರು. ಕಡಿದ ಸಂದು ಅಗಲವಾಗಿತ್ತು. ಬೆಂಕಿ ಅಲ್ಲಿಗೆ ಬಂದು, ಆಚೆಗೆ ನಾಲಗೆ ಚಾಚಿ ಚಾಚಿ, ಸಿಗದೆ ಸೋತಿತು. ಬಣವೆ ಉಳಿಯಲಿಲ್ಲ, ಅದರ ಹತ್ತಿರ ನಿಲ್ಲಲೂ ಆಗಲಿಲ್ಲ. ನಮ್ಮವರು ಬೆಳೆಗೆ ಔಷಧ ಹೊಡೆಯುವ ಪಂಪಿಗೆ ನೀರು ತುಂಬಿ ಬೆನ್ನಿಗೆ ಹಾಕಿಕೊಂಡು ಅಣ್ಣನ ಮನೆಯ ಮೇಲೆ ಹತ್ತಿದ್ದರು. ಚಪ್ಪರವನ್ನು ಉಳಿದವರು ಕೆಡವಿ ಎಳೆದು ಹಾಕಿದರು. ನೀರು ಮುಗಿದರೆ ಕೊಡ ತಂದು ಸುರಿಯುವುದು ನನ್ನ ಪಾಲಿಗೆ ಬಂತು. ಎಷ್ಟು ಕೊಡ ಹೊತ್ತೆನೋ, ಲೆಕ್ಕವಿಡಲು ಪುರಸೊತ್ತಿರಲಿಲ್ಲ. ಮನೆ ಉಳಿಯಿತು.

ಹೊತ್ತು ಇಳಿಯುವಾಗ ಭಾವ ಬಂದ. ಯಾರದೋ ಮೋಟಾರುಸೈಕಲ್ಲಿನಲ್ಲಿ ಒಬ್ಬನೇ ಮುಂದಾಗಿ ಬಂದಿದ್ದ. ತಲೆಯ ಮೇಲೆ ಇನ್ನೂ ಅಕ್ಕಿಕಾಳು ಇದ್ದವು. ಮನೆ ನೋಡಿದ, ಬಣವೆಯ ಬೂದಿ ನೋಡಿದ, ಕಡಿದ ಬದು ನೋಡಿದ. ನಮ್ಮವರು ಹೊಗೆ ಹಿಡಿದ ಮುಖದಲ್ಲಿ ಕೊಡಲಿ ಹಿಡಿದು ನಿಂತಿದ್ದರು, ಬೈಸಿಕೊಳ್ಳಲು ಸಿದ್ಧರಾದವರ ಹಾಗೆ.

"ಬಣವಿ ಉಳಸಾಕ ಆಗ್ಲಿಲ್ಲಣ್ಣಾ."

"ಹೋಗ್ಲಿ ಬಿಡು," ಎಂದ ಭಾವ. ಅವ್ವ ಎಲ್ಲಿ ಎಂದು ಕೇಳಿದ. ನಾನು ಹೊಲದ ಕಡೆ ಕೈ ಮಾಡಿದೆ.

ಮೂವರೂ ಹೋದೆವು. ಅತ್ತೆ ಕೂರಿಸಿದಲ್ಲೇ ಕುಳಿತಿದ್ದರು. ಭಾವ ಅವರ ಮುಂದೆ ಕುಕ್ಕರಿಸಿ ಕುಳಿತು ಕೈ ಹಿಡಿದುಕೊಂಡ. ಹೆದರಿಕೆ ಇಳಿದ ಮೇಲೆ ಬರುವ ಸಿಟ್ಟು ಅವನಿಗೂ ಬಂತು. "ಯವ್ವಾ, ಹೊಗಿ ಬಂದಿದ್ದು ನಿನಗ ಗೊತ್ತಾಗ್ಲಿಲ್ಲೇನ? ಇವ್ರು ಇಲ್ಲೇ ಬಾಜೂಕ ಇದ್ರಲ್ಲ. ಒಂದ ಸಲ ಕೂಗಬಾರದಾ?"

"ಗೊತ್ತಾಗಿತ್ತಪಾ," ಎಂದರು ಅತ್ತೆ. "ಗಂಟೂ ಕಟ್ಟಿಟ್ಟೆ. ಕೂಗಬೇಕಂತ ಬಾಯೀನೂ ತಗದೆ. ಆದ್ರ ಅಮಾಸಿ ಇನ್ನೂ ದೂರ ಐತಿ. ಇವ್ರ ಪಾಳಿ ಅಲ್ಲಲ್ಲ, ಹ್ಯಾಂಗ ಕರೀಲಿ ಅಂತ ಸುಮ್ನ ಕುಂತೆ."

ದೂರು ಹೇಳುವ ದನಿ ಅದಾಗಿರಲಿಲ್ಲ. ನಮ್ಮ ಕಟ್ಟಳೆಯನ್ನು ತಾನು ಮುರಿಯಲಿಲ್ಲ ಎಂದು ಮಕ್ಕಳಿಗೆ ಒಪ್ಪಿಸುವ ದನಿ. ಅಣ್ಣ ತಮ್ಮ ಇಬ್ಬರೂ ತಲೆ ಎತ್ತಲಿಲ್ಲ. ನನಗಂತೂ ನೆಲ ಬಿರಿದು ಒಳಗೆ ಹೋಗಬೇಕೆನ್ನಿಸುವಷ್ಟು ನಾಚಿಕೆಯಾಯಿತು. ಏನಾದರೂ ಹೇಳಬೇಕೆಂದು ಬಾಯಿ ತೆಗೆದೆ, ಅಷ್ಟರಲ್ಲಿ ಅವರೇ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿ ಕೇಳಿದರು.

"ಇವತ್ತು ನಾ ಯಾರ ಮನ್ಯಾಗ ಮಲಗಬೇಕು, ಅಷ್ಟ ಹೇಳ್ರಿ."